ಮುಳುಗಿದ ಮನೆ, ಕಟ್ಟಿದ ಮಾದರಿ

(ಶರಾವತಿ ಹಿನ್ನೀರಿನ ಅಂಚಿನ ಹಳ್ಳಿಯೊಂದರಲ್ಲಿ ನಾಲ್ಕು ದಿನ ನಡೆದ ಶಿಬಿರದಲ್ಲಿ ಹಿರಿಯರು, ಕುಶಲಕರ್ಮಿಗಳು ಮತ್ತು ಶಾಲಾಮಕ್ಕಳು ಒಟ್ಟಾಗಿ ಮಲೆನಾಡಿನ ಹಳೆಯ ಮನೆಯೊಂದರ ಕಿರುಮಾದರಿಯನ್ನು ನಿರ್ಮಿಸಿದರು. ಸಮಾರೋಪದ ದಿನ ಮಾಡಿದ ಭಾಷಣದ ಬರಹರೂಪ ಇದು.)



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಖರ್ಚು ಮತ್ತು ಕಷ್ಟಗಳನ್ನು ಸೂಚಿಸಲು ಬಳಸುತ್ತೇವೆ. ಆದರೆ ಆ ಮಾತಿನಲ್ಲಿ ‘ನೋಡು’ ಎಂಬ ಪದವೂ ಇದೆ. ಕಟ್ಟಿದ ಮೇಲೆಯೇ ಕಣ್ಣಿಗೆ ಬೀಳುವ ಸಂಗತಿಗಳಿವೆ. ವಾಸ ಮಾಡಲು ಬಾರದ, ಬೆಕ್ಕಿನ ಮರಿಯೊಂದು ಮಲಗಬಹುದಾದಷ್ಟೇ ದೊಡ್ಡ ಮನೆಯನ್ನು ಕಟ್ಟಿದರೂ ಅವು ಕಾಣುತ್ತವೆ ಎಂಬುದನ್ನು ಈ ಶಿಬಿರ ತೋರಿಸಿಕೊಟ್ಟಿದೆ.

ನಮ್ಮ ನಡುವೆ ಹಲಗೆಯ ಮೇಲೆ ನಿಂತಿರುವ ಈ ಮನೆ ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲವಿದೆ. ನಿಜವಾದ ಮನೆಯ ಹತ್ತನೇ ಒಂದು ಅಳತೆ. ಇದಕ್ಕೆ ಆಧಾರವಾದ ಮನೆಯನ್ನು ಹೋಗಿ ನೋಡಿಬರಲು ಸಾಧ್ಯವಿಲ್ಲ. ಅದು ನೀರಿನ ಕೆಳಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, ಅದರ ಜಲಾಶಯದಲ್ಲಿ ಸಾಗರ ಮತ್ತು ಹೊಸನಗರ ಸೀಮೆಯ ಹಲವಾರು ಹಳ್ಳಿಗಳು ಮುಳುಗಿದವು. ಮುಳುಗಿದ್ದು ಹಳ್ಳಿ, ಗದ್ದೆ, ತೋಟಗಳು ಮಾತ್ರವಲ್ಲ. ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸಲು ಮಡೆನೂರಿನಲ್ಲಿ ಕಟ್ಟಿ 1948ರಲ್ಲಿ ಬಳಕೆಗೆ ತಂದಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಆ ಅಣೆಕಟ್ಟು ಮೇಲೆದ್ದು ಕಾಣುತ್ತದೆ, ಜನ ಹೋಗಿ ಚಿತ್ರ ತೆಗೆದುಕೊಂಡು ಬರುತ್ತಾರೆ. ಆದರೆ ಮಣ್ಣಿನ ಗೋಡೆಯ ಮನೆ ಹಾಗೆ ಮೇಲೇಳುವುದಿಲ್ಲ. ನೀರಿನಲ್ಲಿ ಅದು ಮತ್ತೆ ಮಣ್ಣೇ ಆಗುತ್ತದೆ. ಅದು ಉಳಿದಿರುವುದು, ಅಂದು ಮಕ್ಕಳಾಗಿದ್ದು ಇಂದು ಎಪ್ಪತ್ತು ದಾಟಿರುವವರ ನೆನಪಿನಲ್ಲಿ ಮಾತ್ರ.

ಆದುದರಿಂದಲೇ ಈ ಕೆಲಸಕ್ಕೆ ಅವಸರವಿತ್ತು.

ನೆನಪಿನ ಅಳತೆ

ಮನೆಯ ನಕ್ಷೆ ಯಾರ ಬಳಿಯೂ ಇರಲಿಲ್ಲ. ಮೊದಲ ದಿನ ಹಿರಿಯರನ್ನು ಅಂಗಳದಲ್ಲಿ ಕೂರಿಸಿ, ನೆಲದ ಮೇಲೆ ರಂಗೋಲಿ ಹಿಟ್ಟಿನಿಂದ ಮನೆ ಬರೆಯಿರಿ ಎಂದು ಕೇಳಿದೆವು. ಎಷ್ಟು ಅಡಿ ಎಂಬ ಪ್ರಶ್ನೆಗೆ ಯಾರಿಂದಲೂ ಉತ್ತರ ಬರಲಿಲ್ಲ. ಆದರೆ ಜಗುಲಿಯಲ್ಲಿ ಎಷ್ಟು ಜನ ಸಾಲಾಗಿ ಊಟಕ್ಕೆ ಕೂರುತ್ತಿದ್ದರು, ನಡುಮನೆಯಲ್ಲಿ ಎಷ್ಟು ಚಾಪೆ ಹಾಸಬಹುದಾಗಿತ್ತು, ಕೊಟ್ಟಿಗೆಯಲ್ಲಿ ಎಷ್ಟು ದನ ಕಟ್ಟುತ್ತಿದ್ದರು, ಅಟ್ಟಕ್ಕೆ ಏಣಿಯ ಎಷ್ಟು ಮೆಟ್ಟಿಲು ಎಂದು ಮಕ್ಕಳು ಕೇಳಿದಾಗ ಉತ್ತರಗಳು ತಡವಿಲ್ಲದೆ ಬಂದವು. ಚಾಪೆ, ಬಾಳೆಲೆ, ದನಗಳ ಲೆಕ್ಕದಿಂದ ಅಡಿಯ ಲೆಕ್ಕ ತೆಗೆದದ್ದು ಏಳನೇ ತರಗತಿಯ ಮಕ್ಕಳು. ಗಣಿತದ ಪಾಠ ಇದಕ್ಕಿಂತ ಚೆನ್ನಾಗಿ ಆಗುವುದು ಕಷ್ಟ.

ಆ ದಿನವೇ ಒಂದು ತಕರಾರೂ ಎದ್ದಿತು. ಅಡಿಗೆಮನೆಯ ಹಿಂಬಾಗಿಲು ಒಲೆಯ ಎಡಕ್ಕೆ ಎಂದು ಒಬ್ಬ ಅಜ್ಜಿ, ಬಲಕ್ಕೆ ಎಂದು ಇನ್ನೊಬ್ಬ ಅಜ್ಜಿ. ಇಬ್ಬರೂ ಬಿಡಲಿಲ್ಲ. ಕೊನೆಗೆ ಒಬ್ಬ ಹುಡುಗಿ, ‘ಅಜ್ಜೀ, ಬೆಳಗಿನ ಬಿಸಿಲು ಯಾವ ಕಡೆಯಿಂದ ಬರುತ್ತಿತ್ತು?’ ಎಂದು ಕೇಳಿದಳು. ಒಬ್ಬರ ಮನೆಗೆ ಬಿಸಿಲು ಗುಡ್ಡ ದಾಟಿ ತಡವಾಗಿ ಬರುತ್ತಿತ್ತು, ಇನ್ನೊಬ್ಬರ ಮನೆಗೆ ಹೊಳೆಯ ಕಡೆಯಿಂದ ನೇರವಾಗಿ ಬರುತ್ತಿತ್ತು. ಒಂದು ಮನೆ ಹೊಳೆಯ ಈಚೆ ದಡದ್ದು, ಮತ್ತೊಂದು ಆಚೆ ದಡದ್ದು. ನೆನಪು ಎರಡೂ ಸರಿಯಾಗಿತ್ತು, ಮನೆಗಳೇ ಎರಡಾಗಿದ್ದವು. ಈ ಮಾದರಿಯ ಅಡಿಗೆಮನೆಗೆ ಎರಡು ಹಿಂಬಾಗಿಲುಗಳಿರುವುದು ಆ ಕಾರಣಕ್ಕೆ. ನೋಡಿದವರು ಇದೇಕೆ ಹೀಗೆ ಎಂದು ಕೇಳಲಿ, ಆಗ ಎರಡು ದಡಗಳ ಕತೆಯನ್ನು ಹೇಳೋಣ. ಕಾಗದದ ಮೇಲೆ ಜಲಾಶಯವೆಂದರೆ ಒಂದು ನೀಲಿ ಬಣ್ಣದ ಹರವು, ಆದರೆ ಅದರ ಕೆಳಗಿನ ಊರುಗಳು ಒಂದರಂತೆ ಒಂದಿರಲಿಲ್ಲ.

ಸಾಮಗ್ರಿಯ ಜಾಡು

ಎರಡನೆಯ ದಿನ ಸಾಮಗ್ರಿ ಸಂಗ್ರಹ. ನಿಯಮ ಒಂದೇ: ತರುವುದೆಲ್ಲ ನಡೆದುಹೋಗಿ ತರಬಹುದಾದುದಾಗಿರಬೇಕು, ಹಸಿಮರ ಕಡಿಯಬಾರದು, ತಂದದ್ದನ್ನು ವಹಿಯಲ್ಲಿ ಬರೆಯಬೇಕು. ವಹಿಯಲ್ಲಿ ಮೂರು ಕಲಮುಗಳು: ಎಲ್ಲಿಂದ ಬಂತು, ಯಾರಿಗೆ ಗೊತ್ತಿತ್ತು, ನಿಜವಾದ ಮನೆಗೆ ಬೇಕಾದಷ್ಟು ಇಂದು ಸಿಕ್ಕೀತೇ.

ಗೋಡೆಗೆ ಹುತ್ತದ ಮಣ್ಣು, ಕೊಚ್ಚಿದ ಭತ್ತದ ಹುಲ್ಲು, ಸೆಗಣಿ. ತಳಪಾಯಕ್ಕೆ ಜಂಬಿಟ್ಟಿಗೆಯ ಚೂರುಗಳು. ಕಂಬ, ತೊಲೆಗಳಿಗೆ ಬಿದ್ದ ಮತ್ತಿ ಮತ್ತು ನಂದಿಯ ಒಣಗೆಲ್ಲು. ಪಕಾಸಿಗೆ ಬಿದಿರ ಸೀಳು, ರೀಪಿಗೆ ಅಡಿಕೆ ದಬ್ಬೆ, ಹೊದಿಕೆಗೆ ಸೋಗೆ. ಕಟ್ಟಲು ತೆಂಗಿನ ನಾರು. ಇವಲ್ಲದೆ ಮನೆಯ ಮೂಲೆಗಳಲ್ಲಿ ಬಿದ್ದಿದ್ದ ಹಳೆಯ ವಸ್ತುಗಳೂ ಬಂದವು. ಮುರಿದ ಕೊಡೆಯ ಕಡ್ಡಿಗಳು ಕಿಟಕಿಯ ಸರಳುಗಳಾದವು, ಗೆರಟೆ ಬಚ್ಚಲಿನ ಹಂಡೆಯಾಯಿತು, ಒಡೆದ ಹಂಚಿನ ಪುಡಿ ಅಂಗಳದ ಬಣ್ಣವಾಯಿತು.

ಈ ಒಂದೊಂದು ವಸ್ತುವಿನ ಹಿಂದೆಯೂ ಒಂದು ಭೂಭಾಗವಿದೆ. ಜಂಬಿಟ್ಟಿಗೆಯನ್ನೇ ತೆಗೆದುಕೊಳ್ಳಿ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇದನ್ನು ಮಲಬಾರಿನ ಅಂಗಡಿಪುರದಲ್ಲಿ ಗಮನಿಸಿದ. ನೆಲದಲ್ಲಿದ್ದಾಗ ಕಬ್ಬಿಣದ ಹತಾರದಿಂದ ಸುಲಭವಾಗಿ ಕತ್ತರಿಸಬಹುದಾದ, ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವ ಗುಣವನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟ. 1807ರಲ್ಲಿ ಪ್ರಕಟವಾದ ಅವನ ಪ್ರವಾಸಕಥನದಲ್ಲಿ ಈ ವಿವರ ಇದೆ. ಹೆಸರು ಅವನದಾದರೂ ಆ ಕಲ್ಲನ್ನು ಕತ್ತರಿಸಿ ಮನೆ ಕಟ್ಟುವ ವಿದ್ಯೆ ಅದಾಗಲೇ ಇಲ್ಲಿನ ಜನರ ಕೈಯಲ್ಲಿತ್ತು.

ಹಂಚಿನದು ಬೇರೆಯದೇ ದಾರಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ನದಿದಡದ ಜೇಡಿಮಣ್ಣಿನಿಂದ ತಯಾರಾದ ಆ ಹಂಚು ಘಟ್ಟ ಹತ್ತಿ ಬಂದು, ಕ್ರಮೇಣ ನಮ್ಮ ಮಾಡುಗಳಿಂದ ಸೋಗೆಯನ್ನು ಇಳಿಸಿತು. ನಾವು ಇಂದು ‘ನಮ್ಮ ಹಳೆಯ ಹಂಚಿನ ಮನೆ’ ಎಂದು ಅಭಿಮಾನದಿಂದ ಹೇಳುವುದೂ ಒಂದು ಕಾಲದ ಹೊಸತೇ. ಹಳೆಯದೆಲ್ಲ ಅನಾದಿಯಲ್ಲ ಎಂಬ ಎಚ್ಚರ ನಮ್ಮಂಥ ಪರಿಸರ ಬಳಗಗಳಿಗೆ ಅಗತ್ಯ. ಈಗ ಹಂಚಿನ ಕಾರ್ಖಾನೆಗಳೇ ಹಲವು ಬಾಗಿಲು ಮುಚ್ಚಿವೆ.

ಬಿದಿರಿನ ವಿಷಯದಲ್ಲಿ ವಹಿಯ ಮೂರನೆಯ ಕಲಮು ಬಹಳ ಚರ್ಚೆಗೆ ಕಾರಣವಾಯಿತು. ಸ್ವಂತ ಜಮೀನಿನಲ್ಲಿ ಬಿದಿರು ಬೆಳೆದರೂ ಕಡಿಯಲು, ಸಾಗಿಸಲು ಪರವಾನಿಗೆ ಬೇಕೆಂಬ ಭಯ ಇಲ್ಲಿ ಹಲವರಿಗಿದೆ. ಭಾರತೀಯ ಅರಣ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿ ಬಿದಿರನ್ನು ‘ಮರ’ದ ವ್ಯಾಖ್ಯೆಯಿಂದ ಹೊರಗೆ ತೆಗೆದಿದೆ. ಅರಣ್ಯದ ಹೊರಗೆ ಬೆಳೆದ ಬಿದಿರಿಗೆ ಆ ಕಾಯಿದೆಯ ಹಳೆಯ ಕಟ್ಟು ಇಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಹೆಸರಿಸಲಾಗಿದೆ. ಕಾನೂನು ಬದಲಾದರೂ ಭಯ ಬದಲಾಗಿಲ್ಲ. ಮರಳಿಗೂ ಇಂಥದೇ ಕತೆಯಿದೆ. ಸಣ್ಣ ಗಣಿಗಳಿಗೂ ಪರಿಸರ ಅನುಮತಿ ಅಗತ್ಯವೆಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಆದೇಶಿಸಿತು. ಆದೇಶ ನದಿಯ ಹಿತಕ್ಕಾಗಿ ಬಂದದ್ದು. ಆದರೆ ಬೊಗಸೆ ಮರಳಿಗಾಗಿ ಹಳ್ಳಕ್ಕೆ ಇಳಿಯುವ ಮಗು ಇಂದು ಕೇಳುವುದು, ‘ಪೊಲೀಸರು ಹಿಡಿಯುತ್ತಾರೆಯೇ?’ ಎಂದು. ರಾತ್ರಿ ಲಾರಿಗಟ್ಟಲೆ ಸಾಗಿಸುವವರಿಗೆ ಇಲ್ಲದ ಅಳುಕು ಮಗುವಿಗೆ ಇದೆ!

ಗೋಡೆಗೆ ಬಳಿದ ಸುಣ್ಣದ ಬಗ್ಗೆಯೂ ಒಂದು ಮಾತು. ಚಿಪ್ಪನ್ನೋ ಸುಣ್ಣದ ಕಲ್ಲನ್ನೋ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಸುಣ್ಣ ದೊರೆಯುತ್ತದೆ. ಸುಡುವಾಗ ಹೊರಬಿದ್ದ ಇಂಗಾಲದ ಡೈಆಕ್ಸೈಡಿನ ದೊಡ್ಡ ಪಾಲನ್ನು ಗೋಡೆಯ ಮೇಲೆ ಗಟ್ಟಿಯಾಗುವಾಗ ಅದು ಗಾಳಿಯಿಂದ ಮರಳಿ ಪಡೆಯುತ್ತದೆ. ಸಿಮೆಂಟಿಗೆ ಬೇಕಾಗುವುದು ಸುಮಾರು 1,450 ಡಿಗ್ರಿ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟ್ ಉದ್ಯಮದ ಪಾಲು ಸುಮಾರು ಶೇಕಡಾ 7ರಿಂದ 8. ಹವಾಮಾನ ಬದಲಾವಣೆ ಎಂಬ ದೊಡ್ಡ ಮಾತು ಹೀಗೆ ನಮ್ಮ ಗೋಡೆಯ ವರೆಗೂ ಬಂದು ತಲಪುತ್ತದೆ.

ಚಿಕ್ಕದರ ಪಾಠ, ಚಿಕ್ಕದರ ಮಿತಿ

ಮೂರನೆಯ ದಿನ ಗೋಡೆ ಎದ್ದಿತು, ಬಿರುಕೂ ಬಿಟ್ಟಿತು. ಮಣ್ಣನ್ನು ಜರಡಿ ಹಿಡಿದು ನಯವಾಗಿಸಿದಷ್ಟೂ ಅದು ಒಣಗುವಾಗ ಹೆಚ್ಚು ಕುಗ್ಗುತ್ತದೆ. ಹುಲ್ಲನ್ನು ಬೆರಳಿನ ಉಗುರಿನಷ್ಟು ಚಿಕ್ಕದಾಗಿ ಕೊಚ್ಚಿ, ಸ್ವಲ್ಪ ನುಣುಪು ಮರಳು ಸೇರಿಸಿದ ಮೇಲೆ ಗೋಡೆ ನಿಂತಿತು. ಸೋಗೆಯ ಗರಿಯನ್ನು ಮಕ್ಕಳು ಉಗುರಿನಿಂದ ಸೀಳಿ ಸೀಳಿ ಎಳೆ ಮಾಡಬೇಕಾಯಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಮಾದರಿ ನಿಂತಿತೆಂದ ಮಾತ್ರಕ್ಕೆ ಮನೆ ನಿಲ್ಲುವುದಿಲ್ಲ. ಅಳತೆಯನ್ನು ಎಲ್ಲ ದಿಕ್ಕಿನಲ್ಲೂ ಹತ್ತು ಪಟ್ಟು ಹೆಚ್ಚಿಸಿದರೆ ಮನೆಯ ಭಾರ 1,000 ಪಟ್ಟು ಹೆಚ್ಚುತ್ತದೆ, ಕಂಬದ ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚುವುದು 100 ಪಟ್ಟು ಮಾತ್ರ. ಅಂದರೆ ಕಂಬದ ಒಂದೊಂದು ಚದರ ಅಂಗುಲವೂ ಹತ್ತು ಪಟ್ಟು ಭಾರ ಹೊರಬೇಕು. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದ ತತ್ವವಿದು. ಮೇಜಿನ ಮೇಲೆ ಸುಂದರವಾಗಿ ನಿಂತ ಯೋಜನೆಗಳು ಬೆಟ್ಟದ ಮೇಲೆ ಕುಸಿಯುವುದನ್ನು ಕಂಡಿರುವ ನಮಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಮಳೆಯ ವಿಷಯದಲ್ಲಿ ಮಾತ್ರ ಮಾದರಿಯೇ ಹೆಚ್ಚು ಕಠಿಣ ಪರೀಕ್ಷೆಗೆ ಒಳಗಾಗುತ್ತದೆ, ಏಕೆಂದರೆ ಮಳೆಹನಿಯನ್ನು ಹತ್ತನೇ ಒಂದಾಗಿಸಲು ನಮಗೆ ಬರುವುದಿಲ್ಲ. ಗಿಡಗಳಿಗೆ ನೀರು ಹಾಕುವ ಝಾರಿಯಿಂದ ಮಕ್ಕಳು ಎರಡು ಬಿಡಿ ಗೋಡೆಗಳ ಮೇಲೆ ಮಳೆ ಸುರಿಸಿದರು. ಒಂದರ ಸೂರು ಮೂರೂವರೆ ಅಂಗುಲ ಮುಂದಕ್ಕೆ ಚಾಚಿತ್ತು, ಇನ್ನೊಂದರದು ಒಂದೇ ಅಂಗುಲ. ಗಿಡ್ಡ ಸೂರಿನ ಗೋಡೆಯ ಬುಡ ನಮ್ಮ ಕಣ್ಣೆದುರೇ ಕರಗಿತು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಜಾಗಗಳಿರುವ ಸೀಮೆ ಇದು. ಎತ್ತರದ ತಳಪಾಯ, ಅಗಲವಾದ ಸೂರು, ಮಳೆಗಾಲಕ್ಕೆ ಮೊದಲು ಗೋಡೆಗೆ ಕಟ್ಟುವ ಸೋಗೆಯ ತಟ್ಟಿ, ಇವು ಅಲಂಕಾರಕ್ಕೆ ಬಂದವಲ್ಲ ಎಂಬುದು ಹತ್ತು ನಿಮಿಷದಲ್ಲಿ ಎಲ್ಲರಿಗೂ ಮನದಟ್ಟಾಯಿತು. ಇಂದು ಬಯಲುಸೀಮೆಯ ನಗರದ ಚಪ್ಪಟೆ ತಾರಸಿಯನ್ನು ತಂದು ಇಲ್ಲಿ ಕಟ್ಟಿ, ಸೋರತೊಡಗಿದ ಮೇಲೆ ಅದರ ಮೇಲೊಂದು ತಗಡಿನ ಮಾಡು ಹಾಕುತ್ತಿದ್ದೇವೆ. ಒಂದೇ ಮನೆಗೆ ಎರಡು ಮಾಡು, ಎರಡು ಸಾಲ.

ಮನೆಯನ್ನು ಕೂರಿಸುವ ಜಾಗದ ಬಗ್ಗೆ ಹಿರಿಯರು ಪಟ್ಟು ಹಿಡಿದರು. ಹಲಗೆಯ ಮೇಲೆ ನಾವು ಮಾಡಿದ್ದ ಮಣ್ಣಿನ ಇಳಿಜಾರನ್ನು ನೇರವಾಗಿ ಕಡಿದು ಸಮತಟ್ಟು ಮಾಡಲು ಹುಡುಗರು ಹೊರಟಾಗ, ಧರೆಯನ್ನು ಅಷ್ಟು ನೇರ ಕಡಿಯಬಾರದು, ಮನೆಯ ಮೇಲ್ಬದಿಯಲ್ಲಿ ನೀರು ತಿರುಗಿಸುವ ಅಗಳು ಇರಬೇಕು, ಅಗಳಿನ ಮೇಲಿನ ಮರಗಳನ್ನು ಮುಟ್ಟಬಾರದು ಎಂದರು. ಅದರಂತೆಯೇ ಮಾಡಿದ್ದೇವೆ. 2018ರ ಆಗಸ್ಟಿನಲ್ಲಿ ಕೊಡಗು, 2024ರ ಜುಲೈ 16ರಂದು ಅಂಕೋಲೆಯ ಶಿರೂರು, ಅದೇ ತಿಂಗಳ 30ರಂದು ವಯನಾಡು. ಪ್ರತಿ ಕುಸಿತಕ್ಕೂ ಅದರದೇ ಕಾರಣಗಳಿವೆ, ಅತಿಮಳೆ ಎಲ್ಲದರ ಹಿಂದೆಯೂ ಇದೆ. ಆದರೆ ಕಡಿದ ಧರೆ ಮತ್ತು ದಾರಿ ತಪ್ಪಿದ ನೀರು ಸೇರಿದರೆ ಅಪಾಯ ಹೆಚ್ಚುತ್ತದೆ ಎಂಬುದನ್ನು ತಿಳಿಯಲು ಯಾವ ಸಮಿತಿಯ ವರದಿಗೂ ಕಾಯಬೇಕಿರಲಿಲ್ಲ. ಆ ತಿಳಿವಳಿಕೆ ಈ ಅಂಗಳದಲ್ಲೇ ಇತ್ತು.

ಇದು ಯಾರ ಮನೆ?

ನಾಲ್ಕನೆಯ ದಿನ, ಮಾಡು ಮುಗಿದು ಎಲ್ಲರೂ ಸಂತೋಷದಲ್ಲಿದ್ದಾಗ, ಮಣ್ಣು ಮೆಟ್ಟಿದ ಹಿರಿಯರೊಬ್ಬರು ಕೇಳಿದರು: ‘ಮನೆ ಚೆನ್ನಾಗಿದೆ. ನಮ್ಮ ಬಿಡಾರ ಎಲ್ಲಿ?’

ಈ ಪ್ರಶ್ನೆಯೇ ಇಡೀ ಶಿಬಿರದ ತಿರುಳು ಎಂದು ನಾನು ಭಾವಿಸುತ್ತೇನೆ. ಹಳೆಯ ಮನೆಯ ಚೆಲುವನ್ನು ಹೊಗಳುವಾಗ, ಅದರ ಜಗುಲಿಯಲ್ಲಿ ಕುಳಿತವರು ಯಾರು, ಅಂಗಳದಲ್ಲೇ ನಿಂತು ಮಾತನಾಡಬೇಕಾದವರು ಯಾರು ಎಂಬುದನ್ನು ನಾವು ಮರೆಯುತ್ತೇವೆ. ಮರ ಕೆತ್ತಿದವರು, ಕಲ್ಲು ಹೊತ್ತವರು, ನೆಲ ಸಾರಿಸಿದವರು ಆ ಮನೆಯೊಳಗೆ ಎಲ್ಲಿಯವರೆಗೆ ಬರಬಹುದಾಗಿತ್ತು ಎಂದು ಮಾದರಿ ತಾನಾಗಿ ಹೇಳುವುದಿಲ್ಲ. ಕೇಳಿದರೆ ಮಾತ್ರ ಹೇಳುತ್ತದೆ.

ಇದೇ ಸಾಗರ ಸೀಮೆಯಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆಯಿತು. ಗೇಣಿದಾರರ ಆ ಹೋರಾಟದ ಆಶಯ ಕಾನೂನಾಗಿ ಕೈಗೆ ಸಿಕ್ಕಿದ್ದು 1974ರ ಭೂಸುಧಾರಣೆಯಲ್ಲಿ. ನಡುವೆ, 1964ರಲ್ಲಿ, ನೀರು ಬಂತು. ಉಳುವವನೇ ಹೊಲದೊಡೆಯ ಎಂಬ ಕಾನೂನು ಬರುವ ಹೊತ್ತಿಗೆ ಇಲ್ಲಿನ ಎಷ್ಟೋ ಗದ್ದೆಗಳು ಉಳುವವನಿಗೂ ಇಲ್ಲದೆ ಒಡೆಯನಿಗೂ ಇಲ್ಲದೆ ನೀರಿನ ಪಾಲಾಗಿದ್ದವು. ಪರಿಹಾರದ ಲೆಕ್ಕ ಎಂದಿಗೂ ಕಾಗದ ಇದ್ದವರನ್ನು ಮೊದಲು ಕಾಣುತ್ತದೆ. ಗೇಣಿಗೆ, ಕೂಲಿಗೆ ಬದುಕಿದವರ ಬಿಡಾರವನ್ನು ಯಾವ ಕಾಗದ ಕಾಣಬೇಕು? ಆರು ದಶಕಗಳು ಕಳೆದ ಮೇಲೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ಶರಾವತಿ ಸಂತ್ರಸ್ತರ ಕುಟುಂಬಗಳು ನಮ್ಮ ನಡುವೆ ಇವೆ. ಆದುದರಿಂದ ಆ ಸಂಜೆ ಮತ್ತೆ ಮಣ್ಣು ಕಲೆಸಿದೆವು. ದೊಡ್ಡ ಮನೆಯ ಕೆಳಬದಿಯಲ್ಲಿ ಕಾಣುತ್ತಿರುವ ಎರಡು ಸೋಗೆಯ ಬಿಡಾರಗಳು ಹಾಗೆ ಬಂದವು. ಅವುಗಳ ಗೋಡೆ ಇನ್ನೂ ಹಸಿಯಾಗಿದೆ, ದಯವಿಟ್ಟು ಮುಟ್ಟಬೇಡಿ.

ನಡುಮನೆಯ ಗೋಡೆಯ ಮೇಲಿನ ಹಸೆ ಚಿತ್ತಾರವನ್ನು ಗಮನಿಸಿ. ದೀವರ ಹೆಣ್ಣುಮಕ್ಕಳು ಮದುವೆಯ ಮನೆಯ ಗೋಡೆಗೆ ಬರೆಯುವ ಈ ಕಲೆಗೆ ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದು ಕರಿಯಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ ಬಣ್ಣಗಳು. ಕುಂಚ ಪುಂಡಿನಾರಿನದು. ಇಷ್ಟು ಚಿಕ್ಕ ಗೋಡೆಗೆ ಆ ಕುಂಚವೂ ದಪ್ಪವಾಯಿತು. ನಾರಿನ ಒಂದೆರಡು ಎಳೆಗಳನ್ನಷ್ಟೇ ಉಳಿಸಿಕೊಂಡು, ಉಸಿರು ಬಿಗಿಹಿಡಿದು ಗೆರೆ ಎಳೆದರು. ಕಾಗದದ ಮೇಲೆ, ರಟ್ಟಿನ ಮೇಲೆ ಬಂದು ಪೇಟೆ ಸೇರಿರುವ ಚಿತ್ತಾರ ಬಹಳ ದಿನಗಳ ನಂತರ ಮಣ್ಣಿನ ಗೋಡೆಗೆ ಮರಳಿತು ಎಂದು ಬರೆದವರೇ ಹೇಳಿದರು. ಗೋಡೆ ಹೋದರೆ ಗೋಡೆಯ ಕಲೆಗೆ ನೆಲೆ ಎಲ್ಲಿ?

ಗಾಜಿನ ಪೆಟ್ಟಿಗೆ ಬೇಡ

ಈಗ ನಮ್ಮ ಮುಂದಿರುವ ಚರ್ಚೆಗೆ ಬರುತ್ತೇನೆ. ಈ ಮಾದರಿಗೆ ವಾರ್ನಿಶ್ ಬಳಿದು, ಗಾಜಿನ ಪೆಟ್ಟಿಗೆಯಲ್ಲಿಟ್ಟು ಶಾಶ್ವತವಾಗಿ ಕಾಪಾಡೋಣ ಎಂದು ಹಲವು ಮಿತ್ರರು ಸಲಹೆ ಮಾಡಿದ್ದಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಮುಳುಗಡೆಯನ್ನು ಕಂಡವರಿಗೆ ಇನ್ನೊಮ್ಮೆ ಕಳೆದುಕೊಳ್ಳುವ ಮನಸ್ಸಿರುವುದಿಲ್ಲ. ಆದರೂ ಈ ಸಲಹೆಯನ್ನು ಒಪ್ಪಬಾರದೆಂದು ಸಭೆಯಲ್ಲಿ ವಿನಂತಿಸುತ್ತೇನೆ.

ಗಾಜಿನೊಳಗೆ ಉಳಿಯುವುದು ಮನೆಯ ಆಕಾರ ಮಾತ್ರ. ಯಾವ ಮಣ್ಣಿಗೆ ಎಷ್ಟು ಹುಲ್ಲು, ಬಿದಿರನ್ನು ಹರಿಯುವ ನೀರಿನಲ್ಲಿ ವಾರಗಟ್ಟಲೆ ನೆನೆಸಿದರೆ ಹುಳು ಏಕೆ ಹಿಡಿಯುವುದಿಲ್ಲ, ಸೂರು ಎಷ್ಟು ಚಾಚಬೇಕು ಎಂಬ ವಿದ್ಯೆ ಗಾಜಿನೊಳಗೆ ಕೂರುವುದಿಲ್ಲ. ಅದು ಕೈಯಿಂದ ಕೈಗೆ ಮಾತ್ರ ದಾಟುತ್ತದೆ. ಮಣ್ಣಿನ ಮನೆಯೇ ಹಾಗಿತ್ತಲ್ಲವೇ? ವರ್ಷವರ್ಷವೂ ಸಾರಿಸಿ, ಮೆತ್ತಿ, ಹೊದೆಸಿ ಮತ್ತೆ ಮತ್ತೆ ಕಟ್ಟಿದ್ದರಿಂದಲೇ ಅದು ತಲೆಮಾರುಗಳ ಕಾಲ ಉಳಿಯಿತು.

ಹಾಗೆಂದು ಎಲ್ಲರೂ ಮಣ್ಣಿನ ಮನೆಗೆ ಹಿಂದಿರುಗಬೇಕೆಂದು ನಾನು ಹೇಳುತ್ತಿಲ್ಲ. ವರ್ಷವೂ ಸೋಗೆ ಹೊದೆಸುವ ದುಡಿಮೆ, ಗೆದ್ದಲಿನ ಕಾಟ, ಹೊಗೆ ತುಂಬಿದ ಅಡಿಗೆಮನೆಯಲ್ಲಿ ಕಣ್ಣು ಮತ್ತು ಶ್ವಾಸಕೋಶ ಹಾಳು ಮಾಡಿಕೊಂಡ ತಾಯಂದಿರು, ಇವನ್ನು ಮರೆತು ಹಳೆಯದನ್ನು ಹಾಡಿಹೊಗಳುವುದು ಅನ್ಯಾಯ. ಸಿಮೆಂಟಿನ ಮನೆ ಬಯಸುವ ಯುವಕರು ತಿಳಿಗೇಡಿಗಳಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ 2016ರಲ್ಲಿ ಆರಂಭವಾದಾಗ ಮನೆಯ ಕನಿಷ್ಠ ವಿಸ್ತೀರ್ಣವನ್ನು 25 ಚದರ ಮೀಟರಿಗೆ ನಿಗದಿಪಡಿಸಲಾಯಿತು. ಇದೇ ಅಳತೆಯಲ್ಲಿ ಅದು ಅರ್ಧ ಮೀಟರು ಉದ್ದ, ಅರ್ಧ ಮೀಟರು ಅಗಲ. ಆ ರಟ್ಟಿನ ಚೌಕವನ್ನು ಮಾದರಿಯ ಪಕ್ಕದಲ್ಲೇ ಇಟ್ಟಿದ್ದೇವೆ. ಇಂದಿನ ಬಡ ಕುಟುಂಬವೊಂದು ಮನೆ ಕಟ್ಟಬೇಕಾದದ್ದು ಆ ಚೌಕದಿಂದ. ಅದರ ಮೇಲೆ ಇಳಿಜಾರಿನ ಮಾಡು ಬರಬೇಕೇ, ಸೂರು ಎಷ್ಟಿರಬೇಕು, ಗೋಡೆಗೆ ಜಂಬಿಟ್ಟಿಗೆಯೇ, ಧರೆಯನ್ನು ಎಷ್ಟು ಕಡಿಯಬೇಕು ಎಂದು ಹೇಳಬಲ್ಲವರು ನಮ್ಮಲ್ಲಿ ಇರಬೇಕು. ಈ ಪುಟ್ಟ ಮನೆಯ ಪ್ರಯೋಜನ ಅದು.

ಆದುದರಿಂದ ನನ್ನ ಸೂಚನೆಗಳು ಮೂರು. ಮೊದಲನೆಯದು, ಈ ಮಾದರಿಯನ್ನು ಶಾಲೆಯ ಜಗುಲಿಯಲ್ಲಿ ಹೀಗೆಯೇ ಇಡೋಣ. ಮಕ್ಕಳು ಮುಟ್ಟಲಿ, ಸವೆದದ್ದನ್ನು ಅವರೇ ಮೆತ್ತಲಿ. ಎರಡನೆಯದು, ಮುಂದಿನ ವರ್ಷ ಮಳೆಗಾಲಕ್ಕೆ ಮೊದಲು ಇನ್ನೊಂದು ಹಳ್ಳಿ ತನ್ನ ಮನೆಯನ್ನು ಕಟ್ಟಲಿ. ಈ ಸಲ ಕಲಿತ ಮಕ್ಕಳೇ ಅಲ್ಲಿ ಹೋಗಿ ಕಲಿಸಲಿ, ಆ ಊರಿನ ಹಿರಿಯರ ಮಾತನ್ನೂ ಬರೆದುಕೊಳ್ಳಲಿ. ಮೂರನೆಯದು, ವಹಿಯನ್ನು ಜೋಪಾನ ಮಾಡೋಣ, ವರ್ಷವರ್ಷವೂ ಮುಂದುವರಿಸೋಣ. ಗಾಜಿನ ಪೆಟ್ಟಿಗೆ ಬೇಕಾದದ್ದಾದರೆ ಆ ವಹಿಗೆ ಮಾಡಿಸಿ. ಯಾವ ಸಾಮಗ್ರಿ ಎಲ್ಲಿ ಸಿಗುತ್ತಿತ್ತು, ಯಾವ ವರ್ಷದಿಂದ ಸಿಗುತ್ತಿಲ್ಲ ಎಂಬ ದಾಖಲೆ ಹತ್ತು ವರ್ಷಗಳಲ್ಲಿ ಈ ಬೆಟ್ಟದ ಆರೋಗ್ಯದ ದಾಖಲೆಯೇ ಆಗುತ್ತದೆ. ನಾಳೆ ಮತ್ತೊಂದು ಯೋಜನೆ ಹಿಡಿದು ಯಾರಾದರೂ ಬಂದು, ಇಲ್ಲಿ ಏನಿದೆ ಎಂದು ಕೇಳಿದರೆ, ತೆರೆದು ತೋರಿಸಲು ನಮ್ಮ ಕೈಯಲ್ಲಿ ಒಂದು ಕಾಗದ ಇರಲಿ. ಕಳೆದ ಸಲ ಅದು ಇರಲಿಲ್ಲ.

 ಗಾಜಿನ ಪೆಟ್ಟಿಗೆಯ ಪರವಾಗಿರುವವರು ಈಗ ಮಾತನಾಡಬೇಕೆಂದು ಕೋರುತ್ತೇನೆ.